ಬೀಳುವ ಮುನ್ನ ಗಾಲಿ ನೋಡಿ

ಸ್ಕೇಟ್‌ಬೋರ್ಡ್ ಕಲಿಯುವವರು ಬಿದ್ದೇ ಬೀಳುತ್ತಾರೆ. ಆದರೆ ಆಯ ತಪ್ಪಿ ಬೀಳುವುದು ಬೇರೆ, ಗಾಲಿಯ ಅಥವಾ ನೆಲದ ದೋಷದಿಂದ ಬೀಳುವುದು ಬೇರೆ. ಎರಡನೆಯದನ್ನು ಬೋರ್ಡ್ ಹತ್ತುವ ಮೊದಲೇ ತಪ್ಪಿಸಬಹುದು.

1960ರ ದಶಕದ ಕ್ಯಾಲಿಫೋರ್ನಿಯಾದಲ್ಲಿ ಮಕ್ಕಳು ಹೆಚ್ಚಾಗಿ ಬಿದ್ದದ್ದು ಈ ಎರಡನೆಯ ಬಗೆಯಲ್ಲೇ. ಆಗಿನ ‘ಕ್ಲೇ’ ಗಾಲಿಗಳು ರೋಲರ್ ಸ್ಕೇಟ್‌ನಿಂದ ಬಂದವು. ತೀರಾ ಗಡಸು, ರಸ್ತೆಗೆ ಹಿಡಿತವಿಲ್ಲ. ಕಡಲೆಕಾಳಿನಷ್ಟು ಕಲ್ಲು ಅಡ್ಡ ಬಂದರೂ ಗಾಲಿ ಗಕ್ಕನೆ ನಿಲ್ಲುತ್ತಿತ್ತು, ಹುಡುಗ ಮುಂದಕ್ಕೆ ಎಗರಿ ಬೀಳುತ್ತಿದ್ದ. 1965ರ ಹೊತ್ತಿಗೆ ವೈದ್ಯರು ಎಚ್ಚರಿಕೆ ಕೊಟ್ಟರು, ಹಲವು ನಗರಗಳು ನಿಷೇಧ ಹಾಕಿದವು, ಉದ್ಯಮ ನೆಲಕಚ್ಚಿತು. 1970ರ ದಶಕದ ಆರಂಭದಲ್ಲಿ ಫ್ರಾಂಕ್ ನಾಸ್ವರ್ಥಿ ಎಂಬಾತ ಯುರೆಥೇನ್ ಎಂಬ ಮೆತ್ತನೆಯ ಪ್ಲಾಸ್ಟಿಕ್‌ನ ಗಾಲಿ ತಂದ ಮೇಲೆ ಆಟ ಮತ್ತೆ ಎದ್ದಿತು. ಯುರೆಥೇನ್ ಕಲ್ಲಿನ ಮೇಲೆ ತುಸು ಅಮುಕಿಕೊಂಡು ದಾಟಿಬಿಡುತ್ತದೆ.

ಆದ್ದರಿಂದ ನಿಮ್ಮ ತಪಾಸಣೆಯೂ ಗಾಲಿಯಿಂದಲೇ ಶುರುವಾಗಲಿ. ಪಾರ್ಕಿನ ನುಣುಪು ಕಾಂಕ್ರೀಟಿಗೆ 50ರಿಂದ 54 ಮಿ.ಮೀ. ವ್ಯಾಸದ, 99ಎ ಗಡಸಿನ ಗಾಲಿ ಸರಿ (‘ಎ’ ಗಡಸುತನದ ಅಳತೆ; ಅಂಕಿ ಹೆಚ್ಚಿದಷ್ಟೂ ಗಾಲಿ ಗಡಸು). ನಮ್ಮ ಬಡಾವಣೆಗಳ ತರಕಲು ಡಾಂಬರಿಗೆ ಅದು ಬೇಡ. 56ರಿಂದ 60 ಮಿ.ಮೀ., 78ಎಯಿಂದ 85ಎ ತೆಗೆದುಕೊಳ್ಳಿ. ದೊಡ್ಡ ಗಾಲಿ ಹಾಕಿದರೆ ಟ್ರಕ್ (ಗಾಲಿಗಳನ್ನು ಹಿಡಿದಿರುವ ಲೋಹದ ಭಾಗ) ಮತ್ತು ಹಲಗೆಯ ನಡುವೆ ಎತ್ತರ ಹೆಚ್ಚಿಸುವ 3 ಮಿ.ಮೀ.ನ ರೈಸರ್ ಪ್ಯಾಡ್ ಇಡಿ, ಬೋಲ್ಟನ್ನೂ ಅಷ್ಟು ಹೆಚ್ಚು ಉದ್ದದ್ದು ಹಾಕಿ. ಇಲ್ಲವಾದರೆ ತಿರುಗುವಾಗ ಹಲಗೆ ಗಾಲಿಗೆ ತಾಗಿ ಬೋರ್ಡ್ ಅಲ್ಲೇ ಕಚ್ಚಿಕೊಳ್ಳುತ್ತದೆ. ಆಗ ಬೀಳುವುದು ಹಳೆಯ ಕ್ಲೇ ಗಾಲಿಯ ರೀತಿಯಲ್ಲೇ.

ಬೋರ್ಡ್ ಮಗುಚಿ, ಪ್ರತಿ ಗಾಲಿಯನ್ನೂ ಬೆರಳಿನಿಂದ ತಿರುಗಿಸಿ. ಗರಗರ ಸದ್ದು ಬಂದರೆ ಬೇರಿಂಗ್‌ಗೆ ಮಣ್ಣು ಹೋಗಿದೆ: ತೊಳೆದು ಎಣ್ಣೆ ಬಿಡಿ ಅಥವಾ ಬದಲಿಸಿ. ಬೇರಿಂಗಿನ ಅಳತೆ 608, ಗಾಲಿಗೆ ಎರಡರಂತೆ ಒಟ್ಟು ಎಂಟು. ಗಾಲಿಯ ನಟ್ಟಿಗೆ 13ರ ಸ್ಪ್ಯಾನರ್ ಬೇಕು. ಪೂರ್ತಿ ಬಿಗಿದು ಕಾಲು ಸುತ್ತು ಸಡಿಲಿಸಿ. ಹಲಗೆಯ ಎಂಟು ಬೋಲ್ಟ್‌ಗಳ ನಟ್ಟಿಗೆ 10ರ ಸ್ಪ್ಯಾನರ್. ನಟ್ಟಿನೊಳಗಿನ ನೈಲಾನ್ ಸವೆದು ಅದು ಬೆರಳಲ್ಲೇ ತಿರುಗುವಂತಾದರೆ ಎಸೆದುಬಿಡಿ. ಟ್ರಕ್‌ನ ಮಧ್ಯದ ದೊಡ್ಡ ನಟ್ಟು 14ರದ್ದು. ಅದು ಸಡಿಲವಿದ್ದರೆ ವೇಗದಲ್ಲಿ ಬೋರ್ಡ್ ಅತ್ತಿತ್ತ ನಡುಗುತ್ತದೆ. ಅರ್ಧರ್ಧ ಸುತ್ತು ಬಿಗಿಯುತ್ತಾ ಹೋಗಿ, ರಬ್ಬರಿನಂಥ ಬುಶಿಂಗ್ ಉಬ್ಬತೊಡಗಿದರೆ ಬಿಗಿ ಮಿತಿಮೀರಿದೆ.

ನೆಲವನ್ನು ಮೊದಲು ನಡೆದು ನೋಡಿ, ಪೊರಕೆ ಹಾಕಿ. ಬಿದ್ದು ಆಗುವ ಗಾಯಗಳಲ್ಲಿ ಅರ್ಧಕ್ಕಿಂತ ಹೆಚ್ಚು ನೆಲದ ಏರುಪೇರಿನಿಂದಲೇ ಎಂದು ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ ಹೇಳಿದೆ. ಒದ್ದೆ ನೆಲದಲ್ಲಿ ಆಡಲೇಬೇಡಿ.

ಯುರೆಥೇನ್ ಬಂದದ್ದೇ ವೇಗವೂ ಹೆಚ್ಚಿತು, ಹುಡುಗರು ಖಾಲಿ ಈಜುಕೊಳಗಳ ಗೋಡೆ ಹತ್ತಿದರು. ಹೆಲ್ಮೆಟ್, ಪ್ಯಾಡ್‌ಗಳ ಅಗತ್ಯ ಎದ್ದು ಕಂಡದ್ದು ಆಗಲೇ. ಹೆಲ್ಮೆಟ್‌ನೊಳಗೆ ಎಎಸ್‌ಟಿಎಂ ಎಫ್1492 (ASTM F1492) ಅಥವಾ ಇಎನ್ 1078 (EN 1078) ಎಂಬ ಸುರಕ್ಷತಾ ಮಾನದಂಡದ ಗುರುತು ಇರಬೇಕು. ಹುಬ್ಬಿನಿಂದ ಎರಡು ಬೆರಳಷ್ಟೇ ಮೇಲೆ ಕೂರಲಿ. ಪಟ್ಟಿಗಳು ಕಿವಿಯ ಕೆಳಗೆ ಕೂಡಲಿ. ಗಲ್ಲದ ಪಟ್ಟಿಯೊಳಗೆ ಒಂದು ಬೆರಳು ತೂರಿದರೆ ಸಾಕು. ತಲೆ ಅಲ್ಲಾಡಿಸಿದಾಗ ಹಣೆಯ ಚರ್ಮವೂ ಜೊತೆಗೆ ಅಲ್ಲಾಡಿದರೆ ಅಳತೆ ಸರಿಯಿದೆ. ಒಳಗೆ ಥರ್ಮಾಕೋಲಿನಂಥ ಗಟ್ಟಿ ಫೋಮ್ ಇದ್ದರೆ, ಒಂದು ಜೋರು ಪೆಟ್ಟಿನ ನಂತರ ಬಿರುಕು ಕಾಣದಿದ್ದರೂ ಬದಲಿಸಿ. ಅಮುಕಿದ ಫೋಮ್ ಮತ್ತೆ ಉಬ್ಬುವುದಿಲ್ಲ.

ದುಡ್ಡು ಕಡಿಮೆಯಿದ್ದರೆ ಹೆಲ್ಮೆಟ್ ಆದ ಮೇಲೆ ಮಣಿಕಟ್ಟಿನ ಗಾರ್ಡ್ ಕೊಳ್ಳಿ, ಬೋರ್ಡಿನ ಅಂದಕ್ಕೆ ಸುರಿಯಬೇಡಿ. ಬೀಳುವಾಗ ಕೈ ತಾನಾಗಿಯೇ ಮುಂದೆ ಚಾಚುತ್ತದೆ, ಭಾರವೆಲ್ಲ ಮಣಿಕಟ್ಟಿನ ಮೇಲೆ ಬೀಳುತ್ತದೆ. ಗಾರ್ಡಿನ ಅಂಗೈ ಬದಿಯ ಬಾಗಿದ ಪ್ಲಾಸ್ಟಿಕ್ ಪಟ್ಟಿ ನೆಲದ ಮೇಲೆ ಜಾರಿ ಆ ಭಾರವನ್ನು ಹಂಚಿಬಿಡುತ್ತದೆ. ಮಂಡಿ, ಮೊಣಕೈ ಪ್ಯಾಡ್ ಮೊದಲು ಹಾಕಿ, ಹೆಲ್ಮೆಟ್ ಕಟ್ಟಿ, ಗಾರ್ಡ್ ಕೊನೆಗೆ. ಅದು ಹಾಕಿದ ಮೇಲೆ ಬೆರಳು ಸರಿಯಾಗಿ ಆಡುವುದಿಲ್ಲ.

ಬೀಳುವುದನ್ನು ಹುಲ್ಲಿನ ಮೇಲೆ ಬೋರ್ಡ್ ಇಲ್ಲದೆಯೇ ಕಲಿಸಿ. ಮಂಡಿ ಮಡಿಸಿ ಕುಗ್ಗಿ, ಮೊಣಕೈ ಬಗ್ಗಿಸಿ, ಒಂದು ಭುಜದ ಮೇಲೆ ಉರುಳಬೇಕು. ಕೈ ಕೋಲಿನಂತೆ ಸೆಟೆದಿರಬಾರದು. ಇಳಿಜಾರಿನ ರ‍್ಯಾಂಪಿನಲ್ಲಿ ಎರಡೂ ಮಂಡಿ ಊರಿ ಪ್ಯಾಡಿನ ಮೇಲೆ ಜಾರಿ ಇಳಿಯಬೇಕು.

ಗಾಯಗೊಂಡವರಲ್ಲಿ ಮೂರರಲ್ಲೊಬ್ಬರು ಆಟ ಶುರುಮಾಡಿ ಒಂದು ವಾರವೂ ಆಗದವರು ಎಂದು ಅದೇ ಆಯೋಗ ಹೇಳುತ್ತದೆ. ಹಾಗಾಗಿ ಮೊದಲ ವಾರ ಸಮತಟ್ಟು ನೆಲ ಬಿಟ್ಟು ಎಲ್ಲಿಗೂ ಹೋಗಬೇಡಿ. ಐದು ವರ್ಷದೊಳಗಿನ ಮಕ್ಕಳನ್ನು ಬೋರ್ಡ್ ಹತ್ತಿಸಬೇಡಿ. ಆರರಿಂದ ಹತ್ತರವರೆಗೆ ದೊಡ್ಡವರು ಪಕ್ಕದಲ್ಲೇ ಇರಲಿ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆಯಿರಿ. ಹಿಂದಿನ ಕಾಲಿನ ಅಂಗಾಲನ್ನು ನೆಲಕ್ಕೆ ಮೆಲ್ಲಗೆ ಉಜ್ಜಿ ಬೋರ್ಡನ್ನು ಆ ಗೆರೆಯೊಳಗೆ ನಿಲ್ಲಿಸುವ ಅಭ್ಯಾಸ ಮಾಡಿಸಿ. ಹತ್ತಕ್ಕೆ ಹತ್ತು ಸಲ ನಿಂತರೆ ಮಾತ್ರ ಇಳಿಜಾರು, ಅದೂ ಕೊನೆಯಲ್ಲಿ ಸಾಕಷ್ಟು ಸಮತಟ್ಟು ಜಾಗ ಇರುವಂಥದ್ದು.