ಸ್ಟುಡಿಯೋ ಸ್ಪೀಕರ್ ತರುವ ಮುನ್ನ ಮೇಜು ಅಳೆಯಿರಿ

ಹಾಡು ಕೇಳಲೆಂದು ನಿಯರ್‌ಫೀಲ್ಡ್ ಮಾನಿಟರ್, ಅಂದರೆ ಹತ್ತಿರ ಕೂತು ಕೇಳುವ ಸ್ಟುಡಿಯೋ ಸ್ಪೀಕರ್, ಕೊಂಡವರ ಮನೆಗೆ ಹೋದರೆ ಹೆಚ್ಚಿನ ಕಡೆ ಒಂದೇ ದೃಶ್ಯ. 30 ಸಾವಿರ ರೂಪಾಯಿಯ ಜೋಡಿ ಟಿವಿಯ ಅಕ್ಕಪಕ್ಕ ಗೋಡೆಗೆ ಒತ್ತಿಕೊಂಡು ಕೂತಿರುತ್ತದೆ, ಕೇಳುವವರು ಹತ್ತಡಿ ಆಚೆ ಸೋಫಾದಲ್ಲಿ. ಬೇಸ್ ಗುಮ್ಮೆನ್ನುತ್ತದೆ, ದನಿ ತೆಳ್ಳಗಾಗಿದೆ ಎಂದು ದೂರು ಬೇರೆ. ಈ ಸ್ಪೀಕರ್‌ಗಳನ್ನು ಮಾಡಿರುವುದೇ ಮೂರು–ನಾಲ್ಕು ಅಡಿಯಿಂದ ಕೇಳಲು. ಅಷ್ಟು ಹತ್ತಿರ ಕೂತಾಗ ಗೋಡೆಗೆ ಬಡಿದು ಬರುವ ಸದ್ದಿಗಿಂತ ಸ್ಪೀಕರಿನ ನೇರ ದನಿ ಜೋರಾಗಿ ಕಿವಿಗೆ ಬೀಳುತ್ತದೆ. ಸೋಫಾ ಬಿಟ್ಟು ಏಳುವುದಿಲ್ಲ ಎನ್ನುವವರಿಗೆ ಇವು ಬೇಡ. ಅದೇ ದುಡ್ಡಿಗೆ ಆಂಪ್ಲಿಫೈಯರ್ ಮತ್ತು ಬುಕ್‌ಶೆಲ್ಫ್ ಸ್ಪೀಕರ್ ತನ್ನಿ.

ಮೊದಲು ಗಾತ್ರ. ಹತ್ತಡಿ ಕೋಣೆಗೆ ಐದಿಂಚಿನ ವೂಫರ್ (ಬೇಸ್ ಹೊರಡಿಸುವ ದೊಡ್ಡ ಕೋನು) ಸಾಕು. ಎಂಟಿಂಚು ತಂದು ಪಕ್ಕದ ಮನೆಯವರ ಬಾಯಿಗೆ ಬೀಳಬೇಡಿ. ಯಮಹಾ ಎಚ್‌ಎಸ್5, ಜೆಬಿಎಲ್ 305ಪಿ, ಆಡಮ್ ಟಿ5ವಿ, ಯಾವುದಾದರೂ ಆದೀತು. ನನ್ನ ಓಟು ಯಮಹಾಗೆ. ಬೇಸ್ ಕಡಿಮೆ, ಆದರೆ ಗಾಯಕರು ಉಸಿರೆಳೆದುಕೊಳ್ಳುವುದೂ ಕೇಳಿಸುತ್ತದೆ. ಅದರ ಹಿರಿಯಣ್ಣ, ಬಿಳಿ ಕೋನಿನ ಎನ್‌ಎಸ್-10, 1978ರಲ್ಲಿ ಮನೆಬಳಕೆಗೆಂದೇ ಬಂದದ್ದು; ಮನೆಗಳಲ್ಲಿ ನಡೆಯದೆ ಸ್ಟುಡಿಯೋಗಳಲ್ಲಿ ಗೆದ್ದಿತು. ಆನ್‌ಲೈನಿನಲ್ಲಿ ಕಾಣುವ ಬೆಲೆ ಜೋಡಿಗೋ ಒಂದಕ್ಕೋ ಎಂದು ಎರಡು ಸಲ ಓದಿ. ‘ಪಿಎಂಪಿಒ’ ಎಂಬ ಉಬ್ಬಿಸಿದ ಲೆಕ್ಕದಲ್ಲಿ ಸಾವಿರಾರು ವಾಟ್ ಬರೆದಿರುವ ಡಬ್ಬಿಯತ್ತ ತಿರುಗಿಯೂ ನೋಡಬೇಡಿ.

ಜೋಡಣೆ ಸುಲಭ. ಆಂಪ್ಲಿಫೈಯರ್ ಒಳಗೇ ಇರುವುದರಿಂದ ಒಂದೊಂದಕ್ಕೂ ಒಂದೊಂದು ಪ್ಲಗ್ ಬೇಕು. ವಾಲ್ಯೂಮ್ ನಾಬ್ ಬೆನ್ನಿಗಿರುವುದರಿಂದ, ಕೈಗೆ ಸಿಗುವಂತೆ ನಾಬ್ ಇರುವ ಆಡಿಯೋ ಇಂಟರ್‌ಫೇಸ್ (ಕಂಪ್ಯೂಟರಿನ ಸದ್ದನ್ನು ಸ್ಪೀಕರಿಗೆ ಕಳಿಸುವ ಪುಟ್ಟ ಡಬ್ಬಿ) ತನ್ನಿ. ಸಾದಾ ಬ್ಯಾಲೆನ್ಸ್ಡ್ ಕೇಬಲ್ (ಹೊರಗಿನ ಗದ್ದಲ ನುಸುಳದಂತೆ ತಡೆಯುವಂಥದ್ದು) ಸಾಕು. ಎಲ್ಲ ಪ್ಲಗ್ಗುಗಳೂ ಒಂದೇ ಸ್ಪೈಕ್ ಬೋರ್ಡಿಗೆ ಬರಲಿ. ಹಮ್ ಸದ್ದು ನಿಲ್ಲಿಸಲು ಅರ್ತ್ ಪಿನ್ ಮುರಿದುಬಿಡಿ ಎಂದು ಸಲಹೆ ಕೊಡುವವರಿದ್ದಾರೆ. ಸದ್ದೇನೋ ನಿಂತೀತು, ಒಂದು ದಿನ ಕರೆಂಟು ಹೊಡೆದೀತು.

ಎಲ್ಲರೂ ಎಡವುವುದು ಇಡುವಾಗ. ಎರಡು ಟ್ವೀಟರ್‌ಗಳ (ಕೀಚಲು ಸ್ವರ ಹೊರಡಿಸುವ ಪುಟ್ಟ ಭಾಗ) ನಡುವಿನ ದೂರಕ್ಕೆ ಒಂದು ದಾರ ಕತ್ತರಿಸಿ. ಅದೇ ದಾರ ಒಂದೊಂದು ಟ್ವೀಟರಿನಿಂದಲೂ ನಿಮ್ಮ ತಲೆಗೆ ಸರಿಯಾಗಿ ತಾಗಬೇಕು. ಸ್ಪೀಕರಿನ ಮುಖ ನಿಮ್ಮತ್ತ ತಿರುಗಿರಲಿ, ಟ್ವೀಟರ್ ಕಿವಿಯ ಎತ್ತರಕ್ಕಿರಲಿ. ಇನ್ನು ಮೇಜಿನ ಮೇಲೆ ಕನ್ನಡಿ ಮಲಗಿಸಿ ಕುರ್ಚಿಯಲ್ಲಿ ಕೂತು ನೋಡಿ. ಕನ್ನಡಿಯಲ್ಲಿ ಟ್ವೀಟರ್ ಕಂಡರೆ ಅಲ್ಲಿಂದಲೇ ಸದ್ದು ಪುಟಿದು ಕಿವಿಗೆ ಬರುತ್ತಿದೆ ಎಂದರ್ಥ. ಬಟ್ಟೆ ಹಾಸಿ ಮುಗಿಸಬೇಡಿ. ಸ್ಪೀಕರನ್ನು ಸ್ಟ್ಯಾಂಡಿಗೆ ಏರಿಸಿ, ಇಲ್ಲವೇ ಮೇಜಿನ ಮುಂದಿನ ಅಂಚಿಗೆ ತನ್ನಿ.

ಬೆನ್ನಿನ ಗೋಡೆಯದು ಇನ್ನೊಂದು ತಕರಾರು. ಗೋಡೆಗೆ ಹೋಗಿ ಮರಳುವ ಸದ್ದು ನೇರ ಸದ್ದಿಗೆ ಎದುರಾಗಿ ಒಂದು ಸ್ವರವನ್ನು ನುಂಗುತ್ತದೆ. ಸ್ಪೀಕರಿನ ಮುಖ ಗೋಡೆಯಿಂದ ಒಂದು ಮೀಟರ್ ದೂರದಲ್ಲಿದ್ದರೆ ಸುಮಾರು 86 ಹರ್ಟ್ಜಿನ ತಗ್ಗು ಸ್ವರ ಸೊರಗುತ್ತದೆ, 60 ಸೆಂಟಿಮೀಟರ್ ಇದ್ದರೆ 143. ತೀರಾ ಒತ್ತಿಟ್ಟರೆ ಬೇಸ್ ಊದಿಕೊಳ್ಳುತ್ತದೆ. ಮೇಲೆ ಹೇಳಿದ ಮೂರಕ್ಕೂ ಗಾಳಿತೂತು ಹಿಂದಿದೆ, ಅದಕ್ಕೆ ಒಂದು ಗೇಣಾದರೂ ಜಾಗ ಬಿಟ್ಟು, ಬೆನ್ನಿನ ಬೇಸ್ ಸ್ವಿಚ್ಚನ್ನು ಒಂದು ಮೆಟ್ಟಿಲು ಇಳಿಸಿ. ಒಂದನ್ನು ಮೂಲೆಗೂ ಇನ್ನೊಂದನ್ನು ಬಾಗಿಲ ಪಕ್ಕಕ್ಕೂ ಇಡುವುದಂತೂ ಬೇಡವೇ ಬೇಡ. ಟೈಲ್ಸ್ ನೆಲ, ಬೋಳು ಗೋಡೆಯ ಕೋಣೆಗೆ ದಪ್ಪ ಪರದೆ, ಹಾಸಿಗೆ, ಪುಸ್ತಕದ ಕಪಾಟು ಇರಲಿ. ಮೊಟ್ಟೆ ಟ್ರೇ ಅಂಟಿಸುವುದು ದಂಡ, ಧೂಳು ಕೂರುತ್ತದೆ ಅಷ್ಟೆ.

ಈಗ ಪರೀಕ್ಷೆ. 1960ರ ದಶಕದ ಒಂದು ಕನ್ನಡ ಚಿತ್ರಗೀತೆ ಹಾಕಿ. ಎರಡೂ ಸ್ಪೀಕರಿನಲ್ಲಿ ಒಂದೇ ಸದ್ದು ಬರುವ ಮೂಲ ಮೋನೋ ಧ್ವನಿಮುದ್ರಣವೇ ಆಗಬೇಕು, ಸ್ಟೀರಿಯೋ ಎಂದು ಹೊಸದಾಗಿ ತಿದ್ದಿದ್ದಲ್ಲ. ಕಣ್ಣು ಮುಚ್ಚಿದರೆ ದನಿ ಎರಡೂ ಸ್ಪೀಕರುಗಳ ನಟ್ಟನಡುವೆ ಒಂದೇ ಕಡೆ ನಿಲ್ಲಬೇಕು. ಎಡಕ್ಕೋ ಬಲಕ್ಕೋ ವಾಲಿದರೆ ದಾರ ತೆಗೆದುಕೊಂಡು ಮತ್ತೆ ಅಳೆಯಿರಿ. ಆಮೇಲೆ ಒಂದು ಮೃದಂಗದ ತನಿ, ಅಂದರೆ ಮೃದಂಗವೊಂದೇ ನುಡಿಯುವ ಭಾಗ. ಎಡಗೈಯ ಗುಮ್ಕಿಗಳೆಲ್ಲ (ಜಾರಿಸಿ ಹೊರಡಿಸುವ ತಗ್ಗು ನಾದ) ಒಂದೇ ಸ್ವರದಲ್ಲಿ ಗುಮ್ಮೆಂದರೆ ಕುರ್ಚಿಯನ್ನು ಅರ್ಧ ಅಡಿ ಹಿಂದೆ–ಮುಂದೆ ಸರಿಸಿ ನೋಡಿ. ಬೆನ್ನಿಗೇ ಗೋಡೆಯಿದ್ದರೆ ಬೇಸ್ ಉಬ್ಬುತ್ತದೆ, ಕೋಣೆಯ ಸರಿಮಧ್ಯೆ ಕೂತರೆ ಬತ್ತುತ್ತದೆ. ಬೇಸ್‌ಗೆಂದೇ ಇರುವ ಬೇರೆ ಸ್ಪೀಕರಾದ ಸಬ್‌ವೂಫರ್ ಯೋಚನೆಯೇನಿದ್ದರೂ ಇದಾದ ಮೇಲೆ.