ಯೂರೋಪಿನ ಕೋಟೆ ನೋಡಲು ಗೈಡ್ ಬೇಕೇ, ಬೇಡವೇ? ಹೊರಡುವ ಮುನ್ನ ನಿರ್ಧರಿಸುವ ಬಗೆ

ಬಳ್ಳಾರಿ, ಕೊಪ್ಪಳ, ರಾಯಚೂರು ಜಿಲ್ಲೆಗಳ ಅನೇಕ ಮನೆಗಳಲ್ಲಿ ಈಗ ಮಗನೋ ಮಗಳೋ ಜರ್ಮನಿಯಲ್ಲಿ ಇಲ್ಲವೇ ಇಂಗ್ಲೆಂಡಿನಲ್ಲಿ ಕೆಲಸದಲ್ಲಿದ್ದಾರೆ. ನಮ್ಮಲ್ಲಿ ಬಿಸಿಲು ಏರುವ ತಿಂಗಳುಗಳಲ್ಲಿ ಅವರ ಬಳಿಗೆ ಹೊರಡುವ ತಂದೆತಾಯಿಗಳು ನೋಡಬೇಕಾದ ಸ್ಥಳಗಳ ಪಟ್ಟಿ ಮಾಡಿದರೆ ಅದರಲ್ಲಿ ಒಂದೆರಡಾದರೂ ಕೋಟೆಗಳು ಇದ್ದೇ ಇರುತ್ತವೆ. ಟಿಕೆಟ್ ಕಾಯ್ದಿರಿಸುವ ಹೊತ್ತಿಗೆ, ಗೈಡ್ ಜೊತೆಗೆ ನೋಡುವುದೋ ನಾವೇ ಸುತ್ತಾಡಿಕೊಂಡು ನೋಡುವುದೋ ಎಂಬ ಪ್ರಶ್ನೆ ಏಳುತ್ತದೆ, ಮತ್ತು ಹೆಚ್ಚಿನವರು ಅದನ್ನು ಹಣದ ಲೆಕ್ಕದಲ್ಲೇ ತೀರ್ಮಾನಿಸಿಬಿಡುತ್ತಾರೆ. ಹಣದ ವಿಚಾರವನ್ನು ಕೊನೆಗೆ ಇಟ್ಟುಕೊಳ್ಳುವುದು ಒಳ್ಳೆಯದು. ಆ ಕೋಟೆ ತನ್ನ ಕಥೆಯನ್ನು ಕಲ್ಲಿನಲ್ಲೇ ಹೇಳುತ್ತದೆಯೇ, ಅಥವಾ ಅಲ್ಲಿ ಬಾಳಿದವರ ವಿಚಾರ ತಿಳಿಯದಿದ್ದರೆ ಅದರ ಕೋಣೆಗಳಿಗೆ ಅರ್ಥವೇ ಇರುವುದಿಲ್ಲವೇ ಎಂಬುದನ್ನು ಮೊದಲು ಕಂಡುಕೊಂಡರೆ ಅರ್ಧ ನಿರ್ಧಾರ ಆದಂತೆಯೇ.

ಅದಕ್ಕೂ ಮೊದಲು, ಆಯ್ಕೆ ನಿಮ್ಮ ಕೈಯಲ್ಲಿದೆಯೇ ಎಂದು ನೋಡಿಕೊಳ್ಳಬೇಕು. ಎಷ್ಟೋ ಕೋಟೆಗಳಲ್ಲಿ ಅದು ಇರುವುದಿಲ್ಲ. ಜರ್ಮನಿಯ ಬವೇರಿಯಾ ಪ್ರಾಂತದ ನೊಯ್‌ಶ್ವಾನ್‌ಸ್ಟೈನ್ ಕೋಟೆಯ ಒಳಭಾಗವನ್ನು ಗೈಡ್ ಜೊತೆಗೆ ಮಾತ್ರ ನೋಡಬಹುದು. ಟಿಕೆಟ್ಟಿನಲ್ಲಿ ನಮೂದಾದ ಸಮಯಕ್ಕೆ ಬಾಗಿಲ ಬಳಿ ಇರಬೇಕು, ಅರ್ಧ ಗಂಟೆಯ ಆಸುಪಾಸಿನಲ್ಲಿ ಎಲ್ಲವೂ ಮುಗಿಯುತ್ತದೆ, ಒಳಗೆ ಫೋಟೋ ತೆಗೆಯುವಂತಿಲ್ಲ. ಎಂಟು ಶತಮಾನಗಳಿಗೂ ಹೆಚ್ಚು ಕಾಲದಿಂದ ಒಂದೇ ಮನೆತನದ ಕೈಯಲ್ಲಿರುವ ಜರ್ಮನಿಯ ಎಲ್ಟ್ಸ್ ಕೋಟೆಯಲ್ಲೂ ಇದೇ ಕ್ರಮವಿದೆ. ಸಾಮ್ರಾಟ ನಾಲ್ಕನೇ ಚಾರ್ಲ್ಸ್ 1348ರಲ್ಲಿ ಅಡಿಗಲ್ಲು ಹಾಕಿಸಿದ, ಪ್ರಾಗ್ ನಗರದ ಹತ್ತಿರದ ಕಾರ್ಲ್‌ಸ್ಟೈನ್ ಕೋಟೆಯ ಒಳಕೋಣೆಗಳಿಗೂ ಗೈಡ್ ಇಲ್ಲದೆ ಪ್ರವೇಶವಿಲ್ಲ, ಮತ್ತು ಅಲ್ಲಿನ ಪವಿತ್ರ ಶಿಲುಬೆಯ ಪ್ರಾರ್ಥನಾ ಮಂದಿರವನ್ನು ನೋಡಬೇಕಾದರೆ ಮುಂಚಿತವಾಗಿಯೇ ಕಾಯ್ದಿರಿಸಬೇಕು. ಜರ್ಮನಿಯದೇ ಹೈಡೆಲ್‌ಬರ್ಗ್ ಕೋಟೆಯಲ್ಲಿ ಅರ್ಧಕ್ಕರ್ಧ ವ್ಯವಸ್ಥೆ: ಅಂಗಳವನ್ನೂ ಹೆಸರಾಂತ ಬೃಹತ್ ಮದ್ಯದ ಪೀಪಾಯಿಯನ್ನೂ ನಿಮ್ಮಷ್ಟಕ್ಕೆ ನೀವೇ ನೋಡಬಹುದು, ಅರಮನೆಯ ಒಳಕೋಣೆಗಳಿಗೆ ಮಾತ್ರ ಗೈಡ್ ಬೇಕು. ಇಂಥ ಕಡೆ ನಿರ್ಧರಿಸಬೇಕಾದುದು ಒಳಗೆ ಹೋಗಬೇಕೇ, ಹೊರಗಿನಿಂದ ನೋಡಿದರೆ ಸಾಕೇ ಎಂಬುದು ಮಾತ್ರ.

ಆಯ್ಕೆ ಇರುವ ಕಡೆ ಕೋಟೆಯ ಸ್ವಭಾವವನ್ನು ನೋಡಿ. ಇಂಗ್ಲೆಂಡಿನ ದೊರೆ ಒಂದನೇ ಎಡ್ವರ್ಡ್ ವೇಲ್ಸ್ ಪ್ರಾಂತವನ್ನು ಹತೋಟಿಯಲ್ಲಿಡಲು 1283ರಲ್ಲಿ ಆರಂಭಿಸಿ ನಾಲ್ಕೇ ವರ್ಷಗಳಲ್ಲಿ ಬಹುಪಾಲು ಮುಗಿಸಿದ ಕಾನ್ವಿ ಕೋಟೆಯಲ್ಲಿ ಇಂದು ಪೀಠೋಪಕರಣಗಳಿಲ್ಲ, ಬಹುತೇಕ ಚಾವಣಿಯೂ ಇಲ್ಲ. ಎಂಟು ದುಂಡು ಬುರುಜುಗಳು, ಸುರುಳಿ ಮೆಟ್ಟಿಲುಗಳು ಮತ್ತು ಊರನ್ನೇ ಬಳಸಿಕೊಂಡ ಕೋಟೆಗೋಡೆ ಉಳಿದಿವೆ. ಕೊಪ್ಪಳದ ಕೋಟೆ ಹತ್ತಿದವರಿಗೆ ಇದು ಅಪರಿಚಿತ ಭಾಷೆಯಲ್ಲ. ಟಿಪ್ಪು ಬಲಪಡಿಸಿದ ಆ ಕೋಟೆಯನ್ನು ನಿಜಾಮನ ಮತ್ತು ಬ್ರಿಟಿಷರ ಸೇನೆಗಳು 1790ರಲ್ಲಿ ಮುತ್ತಿ, ತಿಂಗಳುಗಟ್ಟಲೆ ಕಾಯಬೇಕಾಗಿ ಬಂದದ್ದು ಏಕೆ ಎಂಬುದನ್ನು ಅಲ್ಲಿನ ಬಂಡೆಯೂ ಇಕ್ಕಟ್ಟಾದ ದಾರಿಯೂ ತಾವೇ ತೋರಿಸಿಕೊಡುತ್ತವೆ. ಅದೇ ಕಣ್ಣಿನಿಂದ ಕಾನ್ವಿಯ ಪಶ್ಚಿಮದ ಬಾಗಿಲಲ್ಲಿ ನಿಂತು ತಲೆ ಎತ್ತಿದರೆ, ಗೋಡೆಯಿಂದ ಹೊರಕ್ಕೆ ಚಾಚಿದ ಕಲ್ಲಿನ ಚಾಚುಗಳು ಮತ್ತು ಅವುಗಳ ನಡುವಿನ ತೆರವುಗಳು ಕಾಣುತ್ತವೆ. ಬಾಗಿಲಿಗೆ ನುಗ್ಗಿದವರ ಮೇಲೆ ನೇರವಾಗಿ ಕಲ್ಲು ಕೆಡವಲು ಮಾಡಿದ ಏರ್ಪಾಡು ಅದು. ಇಂಥ ಜಾಗದಲ್ಲಿ ಗೈಡ್ ಹಿಂದೆ ಗುಂಪಾಗಿ ಹೋಗುವುದಕ್ಕಿಂತ, ಹಿಂದಿನ ರಾತ್ರಿ ಕೋಟೆಯ ನಕ್ಷೆಯನ್ನು ಒಮ್ಮೆ ನೋಡಿಕೊಂಡು ಬೆಳಿಗ್ಗೆ ನಿಮ್ಮ ಹೆಜ್ಜೆಯ ವೇಗದಲ್ಲಿ ಹತ್ತಿ ಇಳಿಯುವುದೇ ಮೇಲು.

ಕೋಣೆಗಳಿಂದ ತುಂಬಿದ ಕೋಟೆಗಳ ಮಾತು ಬೇರೆ. ನೊಯ್‌ಶ್ವಾನ್‌ಸ್ಟೈನ್ ನೋಡುವುದಕ್ಕೆ ಮಧ್ಯಯುಗದ ಕೋಟೆಯಂತಿದ್ದರೂ ಅದರ ಕಟ್ಟಡ ಆರಂಭವಾದದ್ದು 1869ರಲ್ಲಿ. ಶತ್ರುವನ್ನು ತಡೆಯುವ ಉದ್ದೇಶ ಅದಕ್ಕೆ ಎಂದೂ ಇರಲಿಲ್ಲ. ಕಟ್ಟಿಸಿದ ದೊರೆ ಎರಡನೇ ಲುಡ್ವಿಗ್ 1886ರಲ್ಲಿ ತೀರಿಕೊಂಡಾಗ ಕೆಲಸ ಇನ್ನೂ ಮುಗಿದಿರಲಿಲ್ಲ, ಮತ್ತು ಅವನು ಸತ್ತ ಕೆಲವೇ ವಾರಗಳಲ್ಲಿ ಕೋಟೆಯನ್ನು ಜನರಿಗೆ ತೆರೆಯಲಾಯಿತು. ಸಿಂಹಾಸನದ ಸಭಾಂಗಣದಲ್ಲಿ ಸಿಂಹಾಸನವೇ ಇಲ್ಲದಿರುವುದು ಏಕೆ ಎಂದು ಹೇಳುವವರು ಇಲ್ಲದಿದ್ದರೆ ನೋಡುವವರು ಬಣ್ಣದ ಗೋಡೆಗಳನ್ನು ಕಂಡು ಹೊರಬರುತ್ತಾರೆ, ಅಷ್ಟೇ. ಫ್ರಾನ್ಸಿನ ಕಾರ್ಕಾಸೋನ್ ಕೋಟೆಯ ಈಗಿನ ರೂಪದಲ್ಲಿ ಹತ್ತೊಂಬತ್ತನೇ ಶತಮಾನದ ವಾಸ್ತುಶಿಲ್ಪಿ ವಿಯೊಲೆ-ಲ-ದ್ಯೂಕ್ ಮಾಡಿಸಿದ ಜೀರ್ಣೋದ್ಧಾರದ ಪಾಲು ಎಷ್ಟಿದೆ ಎಂಬುದೂ ಕಲ್ಲನ್ನು ನೋಡಿ ತಿಳಿಯುವ ಸಂಗತಿಯಲ್ಲ. ಹಳತು ಯಾವುದು, ಹೊಸತು ಯಾವುದು ಎಂಬ ಪ್ರಶ್ನೆ ನಿಮಗೆ ಮುಖ್ಯವಾಗಿದ್ದರೆ ಗೈಡ್‌ಗೆ ಕೊಡುವ ಹಣ ಸಾರ್ಥಕವಾಗುತ್ತದೆ.

ಆದರೆ ಗೈಡ್ ಹೇಳಿದ್ದೆಲ್ಲವೂ ಇತಿಹಾಸವೆಂದು ಭಾವಿಸಬೇಕಾಗಿಲ್ಲ. ಬಳ್ಳಾರಿ ಕೋಟೆಯನ್ನು ಕಟ್ಟಿಕೊಟ್ಟ ಫ್ರೆಂಚ್ ಎಂಜಿನಿಯರನನ್ನು, ಎದುರಿನ ಕುಂಬಾರ ಗುಡ್ಡ ಇದಕ್ಕಿಂತ ಎತ್ತರವಾಗಿದೆ ಎಂದು ತಿಳಿದ ಮೇಲೆ ಹೈದರ್ ಅಲಿ ಗಲ್ಲಿಗೇರಿಸಿದ ಎಂಬ ಐತಿಹ್ಯವನ್ನು ನಮ್ಮೂರಿನಲ್ಲಿ ಕೇಳದವರಿಲ್ಲ. ಕಥೆ ಸೊಗಸಾಗಿದೆ, ಹೇಳಲೂ ಬೇಕು, ಆದರೆ ಐತಿಹ್ಯವೆಂದೇ ಹೇಳಬೇಕು. ಯೂರೋಪಿನ ಕೋಟೆಗಳಲ್ಲೂ ಇಂಥ ಕಥೆಗಳಿಗೆ ಬರವಿಲ್ಲ. ಕೋಟೆಯ ಆಡಳಿತವೇ ನೇಮಿಸಿದ ಗೈಡ್‌ಗಳು ಸಾಮಾನ್ಯವಾಗಿ ಈ ಎರಡನ್ನು ಬೇರ್ಪಡಿಸಿ ಹೇಳುತ್ತಾರೆ. ಹೊರಗಿನಿಂದ ಗುಂಪು ಕಟ್ಟಿಕೊಂಡು ಬರುವವರಲ್ಲಿ ಆ ಎಚ್ಚರ ಒಬ್ಬೊಬ್ಬರಲ್ಲಿ ಒಂದೊಂದು ಮಟ್ಟದಲ್ಲಿರುತ್ತದೆ. ಹೀಗಾಗಿ ಎರಡರಲ್ಲಿ ಒಂದನ್ನು ಆರಿಸುವುದಾದರೆ ಕೋಟೆಯವರದೇ ಗೈಡ್ ಇರಲಿ.

ಗೈಡ್ ಜೊತೆಗಿನ ಸುತ್ತಾಟ, ನಿಮ್ಮದೇ ಸುತ್ತಾಟ ಎರಡನ್ನೂ ಬೆರೆಸಿಕೊಳ್ಳಲು ಸಾಧ್ಯವಿರುವ ಕಡೆ ಹಾಗೆಯೇ ಮಾಡುವುದು ಉತ್ತಮ. ಲಂಡನ್ ಟವರ್ ಇದಕ್ಕೆ ಒಳ್ಳೆಯ ಉದಾಹರಣೆ. ಅಲ್ಲಿನ ಕಾವಲುಗಾರರಾದ ಯೋಮನ್ ವಾರ್ಡರ್‌ಗಳು ಕನಿಷ್ಠ 22 ವರ್ಷ ಸೈನ್ಯದಲ್ಲಿ ಸೇವೆ ಸಲ್ಲಿಸಿ ಬಂದವರು. ಅವರು ನಡೆಸಿಕೊಡುವ ಸುತ್ತಾಟ ಪ್ರವೇಶದ ಟಿಕೆಟ್ಟಿನಲ್ಲೇ ಸೇರಿರುತ್ತದೆ ಮತ್ತು ಬಹುಪಾಲು ಬಯಲಿನಲ್ಲೇ ನಡೆಯುತ್ತದೆ. ಮೊದಲು ಅವರ ಜೊತೆ ಒಂದು ಸುತ್ತು ಹಾಕಿ, 1536ರಲ್ಲಿ ರಾಣಿ ಆನ್ ಬೊಲಿನ್‌ಳ ಶಿರಚ್ಛೇದ ಮಾಡಿದ ಆವರಣದ ಕಥೆ ಕೇಳಿಕೊಂಡು, ಆಮೇಲೆ ಬಿಳಿ ಗೋಪುರವನ್ನೂ ಕಿರೀಟಗಳ ಮನೆಯನ್ನೂ ನೀವೇ ನೋಡಿ. ನಮ್ಮವರೆಲ್ಲ ಹುಡುಕುವ ಕೊಹಿನೂರ್, 1937ರಲ್ಲಿ ಮಾಡಿಸಿದ ರಾಜಮಾತೆಯ ಕಿರೀಟದಲ್ಲಿದೆ. ಕಿರೀಟಗಳ ಪಕ್ಕದಲ್ಲಿ ಚಲಿಸುವ ಹಾಸಿನ ಮೇಲೆ ನಿಂತು ಸಾಗಬೇಕಾಗಿರುವುದರಿಂದ ಅಲ್ಲಿ ಯಾವ ಗೈಡ್‌ಗೂ ವಿವರಿಸಲು ಬಿಡುವು ಸಿಗದು. ಇಂಗ್ಲೆಂಡಿನ ವಿಂಡ್ಸರ್ ಕೋಟೆಯಲ್ಲಿ, ವಿವರಣೆ ಕೇಳಿಸುವ ಕೈಸಾಧನವಾದ ಮಲ್ಟಿಮೀಡಿಯಾ ಗೈಡ್ ಟಿಕೆಟ್ಟಿನ ಜೊತೆಗೇ ಸಿಗುತ್ತದೆ. ಮೊಮ್ಮಕ್ಕಳು ಜೊತೆಗಿದ್ದರೆ ಫ್ರಾನ್ಸಿನ ಶಾಂಬೋರ್‌ಗೆ ಗೈಡ್ ಇಲ್ಲದೆಯೇ ಹೋಗಿ: ಅಲ್ಲಿನ ಜೋಡಿ ಸುರುಳಿ ಮೆಟ್ಟಿಲಿನಲ್ಲಿ ಒಬ್ಬರು ಹತ್ತುತ್ತ, ಇನ್ನೊಬ್ಬರು ಇಳಿಯುತ್ತ ನಡುವಿನ ಕಿಂಡಿಗಳಲ್ಲಿ ಪರಸ್ಪರ ಮುಖ ಕಾಣಬಹುದೇ ಹೊರತು ಎಲ್ಲಿಯೂ ಎದುರಾಗುವುದಿಲ್ಲ, ಮತ್ತು ಮಕ್ಕಳು ಅದನ್ನು ಮತ್ತೆ ಮತ್ತೆ ಪರೀಕ್ಷಿಸಲು ಬಯಸುತ್ತಾರೆ. ಗುಂಪಿನಲ್ಲಿ ಹೋದರೆ ಅದಕ್ಕೆ ಅವಕಾಶವಿರುವುದಿಲ್ಲ.

ನಮ್ಮ ಕಡೆಯ ಮನೆಗಳಿಗೆ ಇವೆಲ್ಲಕ್ಕಿಂತ ದೊಡ್ಡ ಪ್ರಶ್ನೆ ಭಾಷೆಯದು. ಇಂಗ್ಲಿಷ್ ಓದಿ ಅರ್ಥಮಾಡಿಕೊಳ್ಳುವ ಹಿರಿಯರಿಗೂ ಸ್ಕಾಟ್ಲೆಂಡಿನ ಅಥವಾ ಜರ್ಮನಿಯ ಉಚ್ಚಾರಣೆಯ ಇಂಗ್ಲಿಷ್ ವೇಗವಾಗಿ ಬಂದಾಗ ಹಿಡಿಯುವುದು ಕಷ್ಟ. ಕನ್ನಡವನ್ನೋ ತೆಲುಗನ್ನೋ ಮಾತ್ರ ಬಲ್ಲ ತಾಯಿಗೆ ಆ ಅರ್ಧ ಗಂಟೆ ಬರೀ ನಿಂತುಕೊಳ್ಳುವ ಕೆಲಸವಾಗುತ್ತದೆ. ಮಗಳು ಪಕ್ಕದಲ್ಲಿ ನಿಂತು ಮೆಲುದನಿಯಲ್ಲಿ ಹೇಳುತ್ತ ಹೋದರೆ ಸುತ್ತಲಿನವರಿಗೆ ತೊಂದರೆ, ಗೈಡ್ ಹೇಳುವ ಮುಂದಿನ ಮಾತು ಮಗಳಿಗೂ ತಪ್ಪಿಹೋಗುತ್ತದೆ. ಇಂಥ ಮನೆಗಳಿಗೆ ನನ್ನ ಸಲಹೆ ಸ್ಪಷ್ಟವಾಗಿದೆ: ಮನೆಯವರಲ್ಲಿ ಒಬ್ಬರು ಮೊದಲೇ ಓದಿಕೊಂಡು ತಾವೇ ಗೈಡ್ ಆಗಬೇಕು. ಆರೇಳು ಜಾಗಗಳನ್ನು ಮಾತ್ರ ಆರಿಸಿಕೊಂಡು, ಒಂದೊಂದರ ಮುಂದೆ ಹೇಳಬೇಕಾದ ನಾಲ್ಕು ಮಾತುಗಳನ್ನು ಕನ್ನಡದಲ್ಲೇ ಬರೆದಿಟ್ಟುಕೊಂಡರೆ ಸಾಕು. ಅಡುಗೆಮನೆ, ಬಾವಿ, ಕುದುರೆ ಲಾಯ, ಸೆರೆಮನೆ ಇವುಗಳನ್ನು ಬಿಡಬಾರದು. ಇಸವಿಗಳ ಸಾಲಿಗಿಂತ ಆ ಜನ ಏನು ಉಣ್ಣುತ್ತಿದ್ದರು, ನೀರನ್ನು ಎಲ್ಲಿಂದ ತರುತ್ತಿದ್ದರು ಎಂಬ ವಿಷಯವೇ ಹಿರಿಯರಿಗೆ ಹೆಚ್ಚು ಹಿಡಿಸುತ್ತದೆ. ಗೈಡ್ ಕಡ್ಡಾಯವಾದ ಕೋಟೆಗಳಲ್ಲಿ ಈ ಕಥೆಯನ್ನು ಒಳಗೆ ಹೋಗುವ ಮುನ್ನ ರೈಲಿನಲ್ಲೇ ಹೇಳಿ ಮುಗಿಸಿ.

ಮೊಣಕಾಲಿನ ವಿಚಾರವನ್ನೂ ಇದೇ ಹೊತ್ತಿಗೆ ಯೋಚಿಸಬೇಕು. ನೊಯ್‌ಶ್ವಾನ್‌ಸ್ಟೈನ್‌ನಲ್ಲಿ ಹಳ್ಳಿಯಿಂದ ಕೋಟೆಯವರೆಗೆ ಅರ್ಧ ಗಂಟೆಗೂ ಮೀರಿದ ಏರುದಾರಿ ಇದೆ, ಒಳಗೆ ನೂರೈವತ್ತಕ್ಕೂ ಹೆಚ್ಚು ಮೆಟ್ಟಿಲುಗಳಿವೆ, ಗುಂಪು ನಡೆದಂತೆ ನಡೆಯಲೇಬೇಕು. ಕುಳಿತು ಸುಧಾರಿಸಿಕೊಳ್ಳಬೇಕಾದವರಿಗೆ ಗೈಡ್ ಇಲ್ಲದ ಕೋಟೆಗಳೇ ಅನುಕೂಲ.

ಬೆಂಗಳೂರು ಅಥವಾ ಹೈದರಾಬಾದಿನಿಂದ ಹೊರಡುವ ಪ್ಯಾಕೇಜ್ ಪ್ರವಾಸಗಳಲ್ಲಿ ಹೋಗುವವರು ಕಾರ್ಯಕ್ರಮ ಪಟ್ಟಿಯ ಒಂದೊಂದು ಪದವನ್ನೂ ಓದಬೇಕು. ‘ಫೋಟೋ ಸ್ಟಾಪ್’ ಎಂದಿದ್ದರೆ ಬಸ್ಸಿನಿಂದ ಇಳಿದು ಹೊರಗಿನಿಂದ ನೋಡಿ ಹತ್ತುವುದು ಎಂದರ್ಥ. ಒಳಪ್ರವೇಶ ಸೇರಿದೆಯೇ, ಕೋಟೆಯಲ್ಲಿ ಎಷ್ಟು ಹೊತ್ತು ಬಿಡುತ್ತಾರೆ ಎಂಬೆರಡು ಪ್ರಶ್ನೆಗಳಿಗೆ ಲಿಖಿತ ಉತ್ತರ ಪಡೆದುಕೊಳ್ಳಿ. ಮ್ಯೂನಿಕ್‌ನಂಥ ಊರುಗಳಿಂದ ಹೊರಡುವ ಒಂದು ದಿನದ ಬಸ್ ಪ್ರವಾಸಗಳಲ್ಲೂ ಕೋಟೆಯ ಟಿಕೆಟ್ ಪ್ರತ್ಯೇಕವಾಗಿರುವುದುಂಟು.

ಇಷ್ಟೆಲ್ಲ ತಿಳಿದ ಮೇಲೂ ನೀವು ಯಾವ ಬಗೆಯ ನೋಡುಗರು ಎಂಬುದು ಸ್ಪಷ್ಟವಾಗದಿದ್ದರೆ ಹೊರಡುವ ಮುನ್ನ ರಾಯಚೂರು ಕೋಟೆಗೆ ಹೋಗಿಬನ್ನಿ. ಕಾಕತೀಯರ ಕಾಲದಲ್ಲಿ, 1294ರಲ್ಲಿ ಗೋರೆ ಗಂಗಯ್ಯ ರೆಡ್ಡಿ ಕಟ್ಟಿಸಿದನೆಂದು ಸಾರುವ ಶಾಸನವು ಅಲ್ಲಿ ಸುಮಾರು 41 ಅಡಿ ಉದ್ದದ ಒಂದೇ ಕಲ್ಲಿನ ಮೇಲಿದೆ. ಅಂಥ ಕಲ್ಲನ್ನು ಬಂಡಿಯ ಮೇಲೆ ಹೇರಿ ಜಾನುವಾರುಗಳ ಉದ್ದನೆಯ ಸಾಲೊಂದು ಎಳೆದು ತರುವ ಚಿತ್ರವನ್ನೂ ಗೋಡೆಯಲ್ಲಿ ತೆಳುವಾದ ಗೆರೆಗಳಲ್ಲಿ ಕೊರೆದಿದ್ದಾರೆ. ಬಸ್ ನಿಲ್ದಾಣದ ಗದ್ದಲದ ಪಕ್ಕದಲ್ಲೇ ಇರುವ ಇದನ್ನು ಎಷ್ಟೋ ಜನ ನೋಡದೆ ದಾಟಿಹೋಗುತ್ತಾರೆ. ಮೊದಲು ಯಾರ ನೆರವೂ ಇಲ್ಲದೆ ಒಂದು ಸುತ್ತು ಹಾಕಿ, ನಂತರ ವಿಷಯ ಬಲ್ಲವರೊಬ್ಬರನ್ನು ಕರೆದುಕೊಂಡು ಅದೇ ದಾರಿಯಲ್ಲಿ ನಡೆಯಿರಿ. ಎರಡನೇ ಸುತ್ತಿನಲ್ಲಿ ಕಂಡದ್ದು ನಿಮಗೆ ತೀರ ಹೊಸದೆನಿಸಿದರೆ ಯೂರೋಪಿನಲ್ಲಿ ಗೈಡ್‌ಗೆ ಹಣ ಖರ್ಚು ಮಾಡಿ. ಮೊದಲ ಸುತ್ತಿನ ಬಿಡುವೇ ಹೆಚ್ಚು ಖುಷಿ ಕೊಟ್ಟಿದ್ದರೆ ನಿಮ್ಮಷ್ಟಕ್ಕೆ ನೀವೇ ನೋಡಿ.

ನಿರ್ಧಾರವಾದ ಮೇಲೆ ಟಿಕೆಟ್ಟನ್ನು ಕೋಟೆಯ ಅಧಿಕೃತ ಜಾಲತಾಣದಲ್ಲೇ ಕೊಳ್ಳಿ, ಏಕೆಂದರೆ ಹುಡುಕಿದಾಗ ಮೊದಲು ಕಾಣುವ ತಾಣಗಳಲ್ಲಿ ಅನೇಕವು ಹೆಚ್ಚಿನ ಬೆಲೆಗೆ ಮರುಮಾರಾಟ ಮಾಡುವಂಥವು. ತೆರೆದಿರುವ ದಿನಗಳನ್ನೂ ಅಲ್ಲೇ ನೋಡಿಕೊಳ್ಳಿ: ಎಲ್ಟ್ಸ್ ಕೋಟೆ ಚಳಿಗಾಲದಲ್ಲಿ ಮುಚ್ಚಿರುತ್ತದೆ, ವಿಂಡ್ಸರ್ ಸಾಮಾನ್ಯವಾಗಿ ಮಂಗಳವಾರ ಮತ್ತು ಬುಧವಾರ ತೆರೆಯುವುದಿಲ್ಲ. ಗೈಡ್ ಇರುವ ಸುತ್ತಾಟವಾದರೆ ಅದು ಯಾವ ಭಾಷೆಯದು ಎಂಬುದನ್ನು ಹಣ ಪಾವತಿಸುವ ಮುನ್ನ ಮತ್ತೊಮ್ಮೆ ಖಚಿತಪಡಿಸಿಕೊಳ್ಳಿ. ಫೋನಿನಲ್ಲಿ ಆಡಿಯೋ ಗೈಡ್ ಕೇಳುವುದಾದರೆ ಹಿಂದಿನ ರಾತ್ರಿಯೇ ಅದನ್ನು ಇಳಿಸಿಕೊಂಡು, ಮನೆಯ ಪ್ರತಿಯೊಬ್ಬರಿಗೂ ಒಂದೊಂದು ಇಯರ್‌ಫೋನ್ ಇಟ್ಟುಕೊಳ್ಳಿ. ದಪ್ಪ ಗೋಡೆಗಳ ಒಳಗೆ ನೆಟ್‌ವರ್ಕ್ ಸಿಗುತ್ತದೆ ಎಂದು ನಂಬಿ ಹೋಗಬೇಡಿ.