ಕೊಡಗಿನ ಕೆಸರಲ್ಲೇ ಉಪ್ಪು ಕೆರೆ, ಸೋಡಾ ಕೆರೆ: ಬಾಟಲಿಯಲ್ಲಿ ಮಾಡಿ ನೋಡುವುದು ಹೇಗೆ

ಕೊಡಗಿನಲ್ಲಿ ಉಪ್ಪು ಕೆರೆ ಇಲ್ಲ, ಇರಲು ಸಾಧ್ಯವೂ ಇಲ್ಲ. ಅಂಥ ಕೆರೆ ಆಗಬೇಕಾದರೆ ನೀರು ಒಳಗೆ ಬರಬೇಕು, ಹೊರಗೆ ಹೋಗಲು ದಾರಿ ಇರಬಾರದು, ಬಿಸಿಲಿಗೆ ಆರುತ್ತಾ ಆರುತ್ತಾ ಕರಗಿದ್ದೆಲ್ಲ ಅಲ್ಲೇ ಉಳಿಯಬೇಕು. ನಮ್ಮಲ್ಲಿ ಮಳೆ ಎಲ್ಲವನ್ನೂ ತೊಳೆದು ತೋಡಿಗೆ, ತೋಡಿನಿಂದ ಹೊಳೆಗೆ ಸಾಗಿಸಿಬಿಡುತ್ತದೆ. ಮಣ್ಣು ಹುಳಿ. ಅದಕ್ಕೇ ಅಲ್ವಾ ಕಾಫಿ ತೋಟಕ್ಕೆ ಸುಣ್ಣ ಹಾಕುವುದು.

ಆದರೂ ಇದೇ ಮಣ್ಣಲ್ಲಿ ಕ್ಷಾರವನ್ನು ತಡೆದುಕೊಳ್ಳುವ ಸೂಕ್ಷ್ಮಜೀವಿಗಳು ಸುಮ್ನೆ ಮಲಗಿರಬಹುದು. ಜಪಾನಿನ ವಿಜ್ಞಾನಿ ಕೊಕಿ ಹೊರಿಕೋಶಿ 1960ರ ದಶಕದ ಕೊನೆಗೆ ಸಾಮಾನ್ಯ ಮಣ್ಣಿನಿಂದಲೇ ಇಂಥ ಬ್ಯಾಕ್ಟೀರಿಯಾ ಬೆಳೆಸಿ ತೋರಿಸಿದರು. ಈಗ ಅಂಥವುಗಳ ಎಂಜೈಮ್ ಬಟ್ಟೆ ತೊಳೆಯುವ ಪುಡಿಯಲ್ಲೂ ಇರುತ್ತದೆ. ಹಾಗಾಗಿ ಮಹಾರಾಷ್ಟ್ರದ ಲೋನಾರ್‌ಗೋ (ಕ್ಷಾರ ನೀರಿನ ಸೋಡಾ ಕೆರೆ) ರಾಜಸ್ಥಾನದ ಸಾಂಭರ್‌ಗೋ (ಉಪ್ಪು ಕೆರೆ) ಹೋಗದೆ, ಮನೆಯಲ್ಲೇ ಮೂರು ಪಾತ್ರೆ ಇಟ್ಟು ನೋಡಬಹುದು: ಒಂದು ಸಾದಾ, ಒಂದು ಸೋಡಾ, ಒಂದು ಉಪ್ಪು.

ಶುರು ಮಾಡಲು ಒಳ್ಳೆಯ ಕಾಲ ಮಾರ್ಚ್. ಕಾಫಿ ಒಣಗಿಸಿ ಮುಗಿದು ಕಣ ಖಾಲಿ ಇರುತ್ತದೆ, ಬಿಸಿಲೂ ಚೆನ್ನಾಗಿರುತ್ತದೆ. ಜೂನ್ ಬಂತೆಂದರೆ ಬೆಳಕೂ ಇಲ್ಲ, ಬೆಚ್ಚಗೂ ಇಲ್ಲ, ಬಾಟಲಿ ತಿಂಗಳುಗಟ್ಟಲೆ ಹಾಗೇ ಕೂತಿರುತ್ತದೆ.

ಮೊದಲು ಸಾದಾ ಬಾಟಲಿ. ಗದ್ದೆಯ ಅಥವಾ ಕೆರೆ ಅಂಚಿನ ಕಪ್ಪು ಕೆಸರು ತನ್ನಿ, ಕಲ್ಲು, ಬೇರು ತೆಗೆಯಿರಿ. ಅದಕ್ಕೆ ಹರಿದ ನ್ಯೂಸ್‌ಪೇಪರ್ ಚೂರು ಮತ್ತು ಬೇಯಿಸಿದ ಮೊಟ್ಟೆಯ ಅರ್ಧ ಹಳದಿ ಕಲಸಿ. ಕಾಗದ ಇಂಗಾಲಕ್ಕೆ, ಹಳದಿ ಗಂಧಕಕ್ಕೆ. ಪಾರದರ್ಶಕ ಒಂದು ಲೀಟರ್ ಬಾಟಲಿಯ ಮುಕ್ಕಾಲು ಭಾಗ ತುಂಬಿ, ಕಡ್ಡಿಯಿಂದ ಕುಟ್ಟಿ ಗಾಳಿಗುಳ್ಳೆ ತೆಗೆದು, ಮೇಲೆ ನಾಲ್ಕು ಬೆರಳು ಕೆರೆ ನೀರು ನಿಲ್ಲಿಸಿ. ಮುಚ್ಚಳ ಬಿಗಿ ಮಾಡಬೇಡಿ, ಒಳಗೆ ಗ್ಯಾಸ್ ಆಗುತ್ತದೆ. ಈ ಉಪಾಯ ರಷ್ಯಾದ ವಿಜ್ಞಾನಿ ಸೆರ್ಗೆಯ್ ವಿನೊಗ್ರಾಡ್‌ಸ್ಕಿಯದು, 1880ರ ದಶಕದ್ದು. ಇವತ್ತಿಗೂ ಇದಕ್ಕಿಂತ ಅಗ್ಗದ ಪ್ರಯೋಗ ನನಗೆ ಗೊತ್ತಿಲ್ಲ.

ಸೋಡಾ ಬಾಟಲಿಗೂ ಅದೇ ಕೆಸರು, ಆದರೆ ನೀರು ಬೇರೆ. ಒಂದು ಲೀಟರ್ ನೀರಿಗೆ 10 ಗ್ರಾಂ ವಾಷಿಂಗ್ ಸೋಡಾ, 10 ಗ್ರಾಂ ಅಡುಗೆ ಸೋಡಾ, 35 ಗ್ರಾಂ ಉಪ್ಪು. ವಾಷಿಂಗ್ ಸೋಡಾ ಕಣ್ಣಿಗೆ ಬಿದ್ದರೆ ಸುಡುತ್ತದೆ, ಗ್ಲೌಸ್ ಹಾಕಿಕೊಳ್ಳಿ. ಪಿಎಚ್ (ಹುಳಿ, ಕ್ಷಾರ ಎಷ್ಟು ಅಂತ ಹೇಳುವ ಅಳತೆ) 10ರ ಆಸುಪಾಸು ಬರುತ್ತದೆ, ಹೆಚ್ಚುಕಮ್ಮಿ ಲೋನಾರ್ ನೀರಿನಷ್ಟೇ. ಪಿಎಚ್ ಪಟ್ಟಿ ಇಲ್ಲದಿದ್ದರೆ ಅರಿಸಿನ ಸವರಿ ಒಣಗಿಸಿದ ಕಾಗದ ಅದ್ದಿ ನೋಡಿ, ಕೆಂಪಗಾಗಬೇಕು. ನಮ್ಮ ಕೆಸರು ಹುಳಿಯಾಗಿರುವುದರಿಂದ ಕೆಲವು ದಿನ ಬಿಟ್ಟು ಮತ್ತೆ ನೋಡಿ. ಬಣ್ಣ ತಿರುಗದಿದ್ದರೆ ಮೇಲಿನ ನೀರು ಬಸಿದು ಹೊಸ ಸೋಡಾ ನೀರು ಹಾಕಿ.

ಒಂದು ಎಚ್ಚರಿಕೆ: ಇದಕ್ಕೆ ಸುಣ್ಣ, ಜಿಪ್ಸಂ ಹಾಕಬೇಡಿ. ಕ್ಯಾಲ್ಸಿಯಂ ಇದ್ದರೆ ಸೋಡಾದ ಕಾರ್ಬೊನೇಟ್ ಎಲ್ಲ ಸೀಮೆಸುಣ್ಣದಂಥ ಬಿಳಿ ಪುಡಿಯಾಗಿ ತಳಕ್ಕೆ ಕೂರುತ್ತದೆ, ನೀರಲ್ಲಿ ಸೋಡಾ ಉಳಿಯುವುದಿಲ್ಲ. ಸೋಡಾ ಕೆರೆ ಹುಟ್ಟುವ ಗುಟ್ಟೂ ಇದೇ. ನೀರಲ್ಲಿ ಕ್ಯಾಲ್ಸಿಯಂ ಕಡಿಮೆ, ಕಾರ್ಬೊನೇಟ್ ಜಾಸ್ತಿ ಇದ್ದರೆ, ನೀರು ಆರಿದಂತೆ ಕ್ಯಾಲ್ಸಿಯಂ ಮೊದಲು ಮುಗಿದುಹೋಗಿ ಸೋಡಾ ಉಳಿಯುತ್ತದೆ.

ಮೂರನೆಯದಕ್ಕೆ ಬಾಟಲಿ ಬೇಡ, ಅಗಲ ಬಾಯಿಯ ಗಾಜಿನ ಪಾತ್ರೆ ಬೇಕು, ಯಾಕೆಂದರೆ ಇಲ್ಲಿ ಬೆಳೆಯಬೇಕಾದವಕ್ಕೆ ಗಾಳಿ ಬೇಕು. ಲೀಟರ್ ನೀರಿಗೆ ಕಾಲು ಕಿಲೋ ಕಲ್ಲುಪ್ಪು ಕರಗಿಸಿ. ಪ್ಯಾಕೆಟ್‌ನ ಪುಡಿ ಉಪ್ಪು ಬೇಡ. ಗೋಕರ್ಣದ ಸಾಣಿಕಟ್ಟಾದಂಥ ಆಗರಗಳಲ್ಲಿ ಬಿಸಿಲಿಗೆ ಒಣಗಿಸಿದ ಕಲ್ಲುಪ್ಪಾದರೆ ಹರಳಿನೊಳಗೇ ಉಪ್ಪುಪ್ರಿಯ ಆರ್ಕಿಯಾ (ಬ್ಯಾಕ್ಟೀರಿಯಾದಂತೆ ಕಾಣುವ, ಆದರೆ ಬೇರೆಯೇ ಗುಂಪಿನ ಸೂಕ್ಷ್ಮಜೀವಿಗಳು) ಜೀವಂತ ಸಿಕ್ಕಿಬಿದ್ದಿರುವ ಸಾಧ್ಯತೆ ಹೆಚ್ಚು. ನೀರನ್ನು ಮೊದಲೇ ಕುದಿಸಿ ಆರಿಸಿಕೊಳ್ಳಬಹುದು, ಉಪ್ಪು ಹಾಕಿದ ಮೇಲೆ ಮಾತ್ರ ಕುದಿಸಬೇಡಿ. ಗೊಬ್ಬರದ ಶೆಡ್ಡಲ್ಲಿ ಮೆಗ್ನೀಷಿಯಂ ಸಲ್ಫೇಟ್ ಇದ್ದರೆ ಮೂರು ಚಮಚ ಹಾಕಿ (ಸೋಡಾ ಬಾಟಲಿಗಲ್ಲ, ಅಲ್ಲಿ ಅದೂ ಬಿಳಿ ಪುಡಿಯಾಗುತ್ತದೆ).

ಆಹಾರಕ್ಕೆ ಒಂದು ಸಣ್ಣ ತುಂಡು ಉಪ್ಪು ಹಾಕಿದ ಒಣಮೀನು. ಮಳೆಗಾಲಕ್ಕೆ ಅಂತ ತಂದಿಟ್ಟ ಒಣಮೀನಿನ ಮೇಲೆ ಕೆಲವೊಮ್ಮೆ ಗುಲಾಬಿ ಬಣ್ಣದ, ಮುಟ್ಟಿದರೆ ಜಾರುವ ಲೋಳೆ ಕಟ್ಟುತ್ತದಲ್ಲ, ಚರ್ಮದ ಕಡೆಗಿಂತ ಸೀಳಿದ ಮಾಂಸದ ಮೇಲೆ ಎದ್ದು ಕಾಣುತ್ತದೆ, ವಾಸನೆಯೂ ಕೆಟ್ಟಿರುತ್ತದೆ, ಅದು ಹೆಚ್ಚಾಗಿ ಇದೇ ಆರ್ಕಿಯಾಗಳ ಕೆಲಸ. ತಿನ್ನಲು ಆಗದ ಆ ಮೀನು ನಮಗೆ ಬೀಜ ಇದ್ದ ಹಾಗೆ. ಪಾತ್ರೆಗೆ ಬಟ್ಟೆ ಕಟ್ಟಿ ಕಣದ ಬಿಸಿಲಲ್ಲಿಡಿ, ನಾಯಿ ಬೆಕ್ಕು ಸಿಗದ ಜಾಗದಲ್ಲಿ. 37 ಡಿಗ್ರಿ ದಾಟಿದರೂ ಇವಕ್ಕೆ ಖುಷಿಯೇ. ನೀರು ಆರಿ ತೀರಾ ಕಡಿಮೆಯಾದರೆ ಸ್ವಲ್ಪ ಸೇರಿಸಿ.

ಉಳಿದೆರಡು ಬಾಟಲಿ ಕಿಟಕಿ ಪಕ್ಕ ಸಾಕು, ನೇರ ಬಿಸಿಲು ಬೇಡ. ನಾಲ್ಕರಿಂದ ಎಂಟು ವಾರದಲ್ಲಿ ಸಾದಾ ಬಾಟಲಿಯಲ್ಲಿ ಮೇಲೆ ಹಸಿರು, ಕೆಳಗೆ ನೇರಳೆ ಕಲೆ, ತಳದಲ್ಲಿ ಕಪ್ಪು ಕಾಣಬೇಕು. ಕಪ್ಪು ಅಂದರೆ ಕಬ್ಬಿಣದ ಸಲ್ಫೈಡ್. ಸೋಡಾ ಬಾಟಲಿ ನಿಧಾನ. ಕೊಳೆತ ಮೊಟ್ಟೆ ವಾಸನೆಯೂ ಅದರಲ್ಲಿ ಕಡಿಮೆ, ಆದರೆ ಆ ಗ್ಯಾಸ್ ಇಲ್ಲ ಅಂದುಕೊಳ್ಳಬೇಡಿ. ಪಿಎಚ್ ಜಾಸ್ತಿ ಇರುವುದರಿಂದ ನೀರಲ್ಲೇ ಕರಗಿ ಕೂತಿರುತ್ತದೆ. ವಿನೆಗರ್, ನಿಂಬೆರಸ, ನಮ್ಮ ಕಾಚಂಪುಳಿ, ಹುಳಿ ಯಾವುದನ್ನೂ ಇದಕ್ಕೆ ಹಾಕಬೇಡಿ, ಒಟ್ಟಿಗೇ ಹೊರಗೆ ಬರುತ್ತದೆ, ವಿಷ ಅದು.

ಉಪ್ಪಿನ ಪಾತ್ರೆ ಗುಲಾಬಿಯೋ ಕಿತ್ತಳೆಯೋ ಆದರೆ ಆಟ ಶುರು. 2020ರ ಜೂನ್‌ನಲ್ಲಿ ಲೋನಾರ್ ಕೆರೆ ಗುಲಾಬಿಯಾದದ್ದೂ ಇಂಥ ಆರ್ಕಿಯಾಗಳಿಂದಲೇ. ನೀರು ಇಳಿದು ಉಪ್ಪಿನಂಶ ಹೆಚ್ಚಾಗಿತ್ತು. ಪರೀಕ್ಷೆ ಸುಲಭ: ಎರಡು ಲೋಟ ತೆಗೆದುಕೊಂಡು ಎರಡಕ್ಕೂ ಪಾತ್ರೆಯ ಗುಲಾಬಿ ಬಣ್ಣದ ನೀರು ಒಂದೊಂದು ಚಮಚ ಹಾಕಿ. ಒಂದಕ್ಕೆ ಅಷ್ಟೇ ಗಟ್ಟಿಯ ಉಪ್ಪುನೀರು ತುಂಬಿ, ಇನ್ನೊಂದಕ್ಕೆ ಸಾದಾ ನೀರು. ಆರ್ಕಿಯಾ ಆಗಿದ್ದರೆ ಸಾದಾ ನೀರಲ್ಲಿ ಜೀವಕೋಶ ಒಡೆದು ಮಬ್ಬು ತಿಳಿಯಾಗುತ್ತದೆ. ಉಪ್ಪಿಲ್ಲದೆ ಅವಕ್ಕೆ ಮೈ ಹಿಡಿದಿಟ್ಟುಕೊಳ್ಳಲು ಆಗುವುದಿಲ್ಲ. ಡುನಾಲಿಯೆಲ್ಲಾ ಎಂಬ ಪಾಚಿಯೂ ಕೆಂಪಗಾಗಬಹುದು, ಆದರೆ ಅದು ಗ್ಲಿಸರಾಲ್ ತುಂಬಿಕೊಂಡು ಉಪ್ಪನ್ನು ಎದುರಿಸುವ ಬೇರೆ ಜಾತಿ.

ಶಾಲೆಯ ಮೈಕ್ರೋಸ್ಕೋಪಲ್ಲಿ ನೋಡಿ ಹೆಸರು ಹೇಳಲು ಹೋಗಬೇಡಿ, ಎಲ್ಲ ಚುಕ್ಕಿ, ಕಡ್ಡಿಗಳೇ. ಬಾಟಲಿಯಲ್ಲಿ ಎದ್ದವು ಆ ಬಾಟಲಿಗೆ ಒಗ್ಗಿದವು ಮಾತ್ರ. ಹ್ಯಾಲೊಕ್ವಾಡ್ರಾಟಂ ಎಂಬ ಚೌಕಾಕಾರದ ಆರ್ಕಿಯಾ ಉಪ್ಪು ಕೊಳದಲ್ಲಿ ಕಂಡದ್ದು 1980ರಲ್ಲಿ, ಅದನ್ನು ಲ್ಯಾಬಲ್ಲಿ ಬೆಳೆಸಲು ಆದದ್ದು 2004ರಲ್ಲಿ. ಅದಕ್ಕೇ ಕೆರೆಯಲ್ಲಿ ಎಷ್ಟು ಬಗೆ ಇವೆ ಅಂತ ತಿಳಿಯಲು ನೀರಿನಿಂದಲೇ ಡಿಎನ್‌ಎ ತೆಗೆದು ಓದುತ್ತಾರೆ. ನೀವು ಮಾಡಬಹುದಾದದ್ದು ವಾರಕ್ಕೊಮ್ಮೆ ಒಂದೇ ಜಾಗದಿಂದ, ಒಂದೇ ಬೆಳಕಲ್ಲಿ ಫೋಟೋ ತೆಗೆದು ಬಣ್ಣದ ಪಟ್ಟಿ ಗುರುತಿಸುವುದು. ಉಪ್ಪಿನ ಪಾತ್ರೆಯಲ್ಲಿ ಬಗೆ ಕಡಿಮೆ, ಸಾದಾದಲ್ಲಿ ಜಾಸ್ತಿ ಕಾಣುವುದು ಸಹಜ.

ಮುಗಿದ ಮೇಲೆ ಸಾದಾ ಕೆಸರನ್ನು ಗದ್ದೆಗೆ ಹಾಕಿ. ಉಪ್ಪು, ಸೋಡಾದ್ದನ್ನು ಕಾಫಿ ಬುಡಕ್ಕಾಗಲಿ ಮೆಣಸಿನ ಬಳ್ಳಿಗಾಗಲಿ ತೋಡಿಗಾಗಲಿ ಸುರಿಯಬೇಡಿ. ಮೇಲಿನ ನೀರನ್ನು ತುಂಬಾ ನೀರು ಬೆರೆಸಿ ಬಚ್ಚಲಿಗೆ ಬಿಡಿ, ಉಳಿದ ಕೆಸರನ್ನು ಒಣಗಿಸಿ ಕಸಕ್ಕೆ ಹಾಕಿ. ಬಾಟಲಿ ತೆರೆಯುವುದು ಹೊರಗೇ ಇರಲಿ.